ಹೊಸ ಟೆಲಿಸ್ಕೋಪ್ ಅಟ್ಟ ಸೇರುವ ಮುಂಚೆ

ಸಂಪಾದಕರಿಗೆ,

ಮಾನ್ಯರೇ,

ಹತ್ತನೇ ತರಗತಿಯಲ್ಲಿ ಅಂಕ ಬಂತೆಂದೋ ಹುಟ್ಟುಹಬ್ಬವೆಂದೋ ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಮನೆಗಳಿಗೂ ಈಗ ಟೆಲಿಸ್ಕೋಪ್ ಬರುತ್ತಿದೆ. ಮೊದಲ ವಾರ ಚಂದ್ರ, ಎರಡನೆಯ ವಾರ ಎದುರು ಬೀದಿಯ ನೀರಿನ ಟ್ಯಾಂಕು, ಮೂರನೆಯ ತಿಂಗಳಿಗೆ ಅಟ್ಟ. ತಪ್ಪು ಮಕ್ಕಳದಲ್ಲ, ಬಹಳ ಸಲ ಟೆಲಿಸ್ಕೋಪಿನದೂ ಅಲ್ಲ. ಆಕಾಶ ನೋಡುತ್ತಲೇ ತಲೆ ನರೆತವರು ಈ ಮೂರು ಜಿಲ್ಲೆಗಳಲ್ಲೂ ಇದ್ದಾರೆ. ಹೊಸಬರು ಕೇಳಿದರೆ ಅವರಿಂದ ಬರುವ ಉತ್ತರ ಎರಡೇ ಬಗೆ: ‘ಇದು ಆಟದ ಸಾಮಾನು, ದೊಡ್ಡದು ತಗೋ’, ಇಲ್ಲವೇ ‘ನೋಡ್ತಾ ಹೋಗು, ತಾನಾಗಿ ಬರುತ್ತೆ’. ಎರಡರಿಂದಲೂ ಶನಿಯ ಉಂಗುರ ಕಾಣುವುದಿಲ್ಲ. ಹಳಬರು ಹೇಳಬೇಕಾದದ್ದು ಅಳತೆ, ತಿರುಪು, ಹೊತ್ತು, ದಿಕ್ಕು, ಮತ್ತು ಎಲ್ಲೆಲ್ಲಿ ಎಡವುತ್ತಾರೆ ಎಂಬುದು. ಈ ಪತ್ರ ಮುಖ್ಯವಾಗಿ ಅವರಿಗೆ, ಅಂದರೆ ನಮ್ಮಂಥವರಿಗೇ.

‘ಏನೂ ಕಾಣಿಸ್ತಿಲ್ಲ ಅಂಕಲ್’ ಎಂದು ಫೋನ್ ಬಂದರೆ ಉಪದೇಶಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಮುಚ್ಚಳ ಪೂರ್ತಿ ತೆಗೆದಿದ್ದೀಯಾ? ನಗೆ ಬರಿಸುವ ಪ್ರಶ್ನೆ ಅನ್ನಿಸಬಹುದು, ಆದರೆ ಕನ್ನಡಿ ಟೆಲಿಸ್ಕೋಪುಗಳ (ಬೆಳಕು ಕೂಡಿಸಲು ಲೆನ್ಸಿನ ಬದಲು ಕನ್ನಡಿ ಇರುವವು) ದೊಡ್ಡ ಮುಚ್ಚಳದಲ್ಲಿ ಇನ್ನೊಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನಷ್ಟೇ ಬಿಚ್ಚಿ ನೋಡುವವರು ತುಂಬ ಜನ. 150 ಮಿ.ಮೀ. ಕನ್ನಡಿಗೆ 50 ಮಿ.ಮೀ. ತೂತಿನಿಂದ ಬೆಳಕು ಬಿಟ್ಟರೆ ಒಳಗೆ ಬೀಳುವುದು ಒಂಬತ್ತರಲ್ಲಿ ಒಂದು ಪಾಲು. ಯಾವ ಐಪೀಸ್ (ಕಣ್ಣಿಡುವ ಪುಟ್ಟ ಲೆನ್ಸು) ಹಾಕಿದ್ದೀಯಾ, ಅದರ ಮೇಲೆ ಬರೆದಿರುವ ಸಂಖ್ಯೆ ಎಷ್ಟು? ಹತ್ತರಲ್ಲಿ ಎಂಟು ಜನ 4 ಎಂದೇ ಹೇಳುತ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ಹತ್ತಿರ ತೋರಿಸುತ್ತದೆ, ಹತ್ತಿರ ತೋರಿಸುವುದೇ ಒಳ್ಳೆಯದೆಂಬ ಲೆಕ್ಕದಲ್ಲಿ. ಪೆಟ್ಟಿಗೆಯಲ್ಲಿರುವ ಅತಿ ದೊಡ್ಡ ಸಂಖ್ಯೆಯದನ್ನು, ಅಂದರೆ 20 ಅಥವಾ 25 ಮಿ.ಮೀ.ಯದನ್ನು, ಹಾಕಿಸಿ. ನಡುವೆ ಬಾರ್ಲೋ (ಪಟ್ಟು ಹೆಚ್ಚಿಸುವ ಇನ್ನೊಂದು ಲೆನ್ಸು) ಸಿಕ್ಕಿಸಿದ್ದರೆ ತೆಗೆಸಿ. ಐಪೀಸ್ ಕೂರುವ ಜಾಗದಲ್ಲಿ ದಪ್ಪನೆಯ ಮತ್ತು ಸಣ್ಣ ಎರಡು ಅಡಾಪ್ಟರುಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆಯೇ ಎಂದು ಕೇಳಿ. ಹಾಗಾದರೆ ಫೋಕಸ್ ತಿರುಪು ಕೊನೆ ಮುಟ್ಟಿದರೂ ಚಿತ್ರ ಹದಕ್ಕೆ ಬರುವುದಿಲ್ಲ. ಹಗಲಿನಲ್ಲಿ ದೂರದ ಮರ ಸ್ಪಷ್ಟವಾಗಿ ಕಂಡಿತ್ತೇ? ಕಂಡಿದ್ದರೆ ಯಂತ್ರ ಸರಿಯಿದೆ, ಗುರಿ ತಪ್ಪಿದೆ. ಮರ ತಲೆಕೆಳಗಾಗಿತ್ತು ಎಂದು ದೂರಿದರೆ ಅದು ಕೆಟ್ಟಿದೆ ಎಂದಲ್ಲ. ಕನ್ನಡಿಯದು ಹಾಗೇ ತೋರಿಸುತ್ತದೆ, ಆಕಾಶದಲ್ಲಿ ಮೇಲೆ ಕೆಳಗೆ ಎಂಬುದಿಲ್ಲ.

ಪೆಟ್ಟಿಗೆಯ ಮೇಲೆ ‘675 ಪಟ್ಟು’ ಎಂದು ದಪ್ಪಕ್ಷರದಲ್ಲಿರುತ್ತದೆ. ಈ ಸಂಖ್ಯೆ ಎಲ್ಲಿಂದ ಹುಟ್ಟಿತೆಂದು ಬಿಡಿಸಿ ತೋರಿಸಿದರೆ ಮಕ್ಕಳಿಗೆ ಅರ್ಧ ದೃಗ್ವಿಜ್ಞಾನ ಬಂದಂತೆ. ನಾಭಿದೂರ (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) 900 ಮಿ.ಮೀ., ಐಪೀಸ್ 4 ಮಿ.ಮೀ.; ಭಾಗಿಸಿದರೆ 225. ಮೂರು ಪಟ್ಟಿನ ಬಾರ್ಲೋ ಸೇರಿಸಿದರೆ 675. ಲೆಕ್ಕ ಸರಿ, ನೋಟ ಸೊನ್ನೆ. ಲೆನ್ಸಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು ದಾಟಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ, ಬೆಳಕೂ ಸಾಲುವುದಿಲ್ಲ. 60 ಮಿ.ಮೀ. ಲೆನ್ಸಿಗೆ 120 ಪಟ್ಟೇ ಗಡಿ. ಜೊತೆಗೆ ಭೂಮಿ ತಿರುಗುತ್ತಿದೆ ಎಂಬುದನ್ನು ಮರೆಯಬಾರದು. 48 ಪಟ್ಟಿನಲ್ಲಿ ಗುರುಗ್ರಹ ಸುಮಾರು ನಾಲ್ಕು ನಿಮಿಷ ನೋಟದೊಳಗೆ ಇರುತ್ತದೆ, 120ರಲ್ಲಿ ಒಂದೂವರೆ ನಿಮಿಷ, 675ರಲ್ಲಿ ಹದಿನೈದಿಪ್ಪತ್ತು ಸೆಕೆಂಡಿಗೆ ಜಾರಿಹೋಗುತ್ತದೆ. ಅಷ್ಟರಲ್ಲಿ ಫೋಕಸ್ ಮಾಡಬೇಕು, ಸ್ಟ್ಯಾಂಡಿನ ನಡುಕ ನಿಲ್ಲಬೇಕು. ಯಾರಿಗಾದರೂ ಬೇಸರ ಬರುತ್ತದೆ. ನಡುಕಕ್ಕೆ ಮದ್ದು ಸುಲಭ: ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಎಳೆಯದೆ ಮೋಟಾಗಿಯೇ ಇಟ್ಟು ಸ್ಟೂಲಿನ ಮೇಲೆ ಕೂತು ನೋಡುವುದು, ನಡುವಿನ ತಟ್ಟೆಯಿಂದ ಮೂರು ನಾಲ್ಕು ಕಿಲೋ ಮರಳಿನ ಚೀಲ ನೇತುಹಾಕುವುದು.

ಕೊಳ್ಳುವ ಮುಂಚೆಯೇ ಸಲಹೆ ಕೇಳುವವರು ಕಡಿಮೆ. ಕೇಳಿದರೆ ಮೊದಲು ಬೈನಾಕ್ಯುಲರ್ ಅನ್ನಿ. 7×50 ಅಥವಾ 10×50 (ಮೊದಲನೆಯದು ಪಟ್ಟು, ಎರಡನೆಯದು ಮಿ.ಮೀ. ಲೆಕ್ಕದಲ್ಲಿ ಲೆನ್ಸಿನ ಅಗಲ), ಅದಕ್ಕಿಂತ ಹೆಚ್ಚಿನದು ಬೇಡ, ಕೈ ನಡುಗುತ್ತದೆ. ಅಂಗಡಿಯಲ್ಲೇ ದೂರದ ಕರೆಂಟ್ ತಂತಿ ನೋಡಿಸಿ. ತಂತಿ ಎರಡೆರಡಾಗಿ ಕಂಡರೆ, ನೋಡಿ ಎರಡು ನಿಮಿಷಕ್ಕೆ ಕಣ್ಣು ಸೆಳೆದರೆ, ಒಳಗಿನ ಪ್ರಿಸಂ ಜರುಗಿದೆ ಎಂದರ್ಥ. ಟೆಲಿಸ್ಕೋಪೇ ಬೇಕೆಂದರೆ ಕನ್ನಡಿಯ ಅಗಲ 130ರಿಂದ 150 ಮಿ.ಮೀ., ಅದರ ಕೊಳವೆಯನ್ನು ಹೊತ್ತು ನೆಲದ ಮೇಲೆ ಕೂರುವ ಡಾಬ್ಸನ್ ಪೆಟ್ಟಿಗೆ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ಡಾಬ್ಸನ್ ಬಳಕೆಗೆ ತಂದ ಈ ಪೆಟ್ಟಿಗೆಯನ್ನು ನಮ್ಮೂರ ಬಡಗಿಯೂ 18 ಮಿ.ಮೀ. ಪ್ಲೈವುಡ್ಡಿನಲ್ಲಿ ಮಾಡಿಕೊಡುತ್ತಾನೆ. ತಳಕ್ಕೆ ಲ್ಯಾಮಿನೇಟ್ ಹಾಳೆ, ಅದರ ಕೆಳಗೆ ಟೆಫ್ಲಾನಿನ ಮೂರು ತುಂಡು, ಕೊಳವೆ ಏರಿಳಿಯುವ ಪಕ್ಕದ ಗುಂಬಗಳಿಗೆ ನಾಲ್ಕು ಇಂಚಿನ ಪಿವಿಸಿ ಪೈಪಿನ ಎಂಡ್ ಕ್ಯಾಪ್. ಎಣ್ಣೆ, ಗ್ರೀಸ್ ಯಾವುದೂ ಬೇಡ. ಹಚ್ಚಿದರೆ ತಾನಾಗಿ ಜಾರಿಬಿಡುತ್ತದೆ.

ಎರಡು ಸಾಮಾನುಗಳ ಬಗ್ಗೆ ಎಚ್ಚರ ಹೇಳಬೇಕು. ಕೊಳವೆ ಅರ್ಧ ಮೀಟರ್ ಉದ್ದ, ಅದರ ಮೇಲೆ ಬರೆದ ನಾಭಿದೂರ 1000 ಮಿ.ಮೀ. ಇದ್ದರೆ ಫೋಕಸ್ ಕೊಳವೆಯೊಳಗೆ ಇನ್ನೊಂದು ಲೆನ್ಸ್ ಅಡಗಿದೆ ಎಂದು ತಿಳಿಯಿರಿ. ಅಂಥದ್ದರ ಕನ್ನಡಿ ಜೋಡಣೆ (ಒಳಗಿನ ಕನ್ನಡಿಗಳನ್ನು ಒಂದೇ ನೇರಕ್ಕೆ ತರುವುದು) ಹಳಬರಿಗೂ ತಲೆನೋವು. ಇನ್ನೊಂದು, ಆಕಾಶದ ತಿರುಗಾಟ ಹಿಂಬಾಲಿಸಲೆಂದು ಧ್ರುವಕ್ಕೆ ಗುರಿಯಿಡುವ ಇಕ್ವಟೋರಿಯಲ್ ಸ್ಟ್ಯಾಂಡ್. ಪುಸ್ತಕಗಳೆಲ್ಲ ಅದನ್ನು ಹೊಗಳುತ್ತವೆ, ಆದರೆ ಅವು ನಲವತ್ತು ಐವತ್ತು ಡಿಗ್ರಿ ಅಕ್ಷಾಂಶದವರು ಬರೆದ ಪುಸ್ತಕಗಳು. ನಮ್ಮದು 13 ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಅಂಗೈಯಗಲ ಮೇಲೆ, ಪಕ್ಕದ ಮನೆಯ ತೆಂಗಿನ ಮರದ ಹಿಂದೆ ಇರುತ್ತದೆ. ಅಗ್ಗದ ಕೆಲವು ಸ್ಟ್ಯಾಂಡುಗಳು ಅಷ್ಟು ಕೆಳಕ್ಕೆ ಬಗ್ಗುವುದೇ ಇಲ್ಲ. ಬಗ್ಗಿದರೆ ತೂಕದ ಸರಳು ಕಾಲಿಗೆ ಬಡಿಯುತ್ತದೆ.

ಫೈಂಡರ್ (ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದುರ್ಬೀನು) ಹೊಂದಿಸುವುದು ಹತ್ತು ನಿಮಿಷದ ಕೆಲಸ, ಅದನ್ನು ಕತ್ತಲಲ್ಲಿ ಮಾಡಹೋಗಿ ಜನ ಸೋಲುತ್ತಾರೆ. ಸಂಜೆ ಐದಕ್ಕೆ, ಸೂರ್ಯನಿಗೆ ಬೆನ್ನು ಹಾಕಿ, ಕನಿಷ್ಠ ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರ್ ತುದಿಯನ್ನೋ ಗುಡ್ಡದ ಮೇಲಿನ ಬಂಡೆಯನ್ನೋ ದೊಡ್ಡ ಸಂಖ್ಯೆಯ ಐಪೀಸಿನ ನಡುಮಧ್ಯಕ್ಕೆ ತರಬೇಕು. ಕೊಳವೆ ಅಲುಗದಂತೆ ಫೈಂಡರಿನ ತಿರುಪುಗಳನ್ನಷ್ಟೇ ತಿರುಗಿಸಿ ಅದೇ ತುದಿಯನ್ನು ಕೂಡುಗೆರೆಗೆ ಕೂರಿಸಬೇಕು. ಆಮೇಲೆ ಸಣ್ಣ ಸಂಖ್ಯೆಯ ಐಪೀಸ್ ಹಾಕಿ ಇನ್ನೊಮ್ಮೆ. ನೂರು ಅಡಿ ದೂರದ ಕಂಬಕ್ಕೆ ಹೊಂದಿಸಿದರೆ ರಾತ್ರಿ ಮತ್ತೆ ತಪ್ಪುತ್ತದೆ, ಏಕೆಂದರೆ ಫೈಂಡರಿಗೂ ಕೊಳವೆಗೂ ನಡುವಿನ ಗೇಣಗಲ ಹತ್ತಿರದ ಗುರಿಗೆ ದೊಡ್ಡ ವ್ಯತ್ಯಾಸ.

ಇದೆಲ್ಲ ಸರಿಯಾದ ಮೇಲೂ ಗ್ರಹ ಕುದಿಯುವ ನೀರಿನ ತಳದಲ್ಲಿದ್ದಂತೆ ಅಲೆಯಾಡಿದರೆ ದೂರಬೇಕಾದದ್ದು ತಾರಸಿಯನ್ನು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿಗಾಳಿ ಬಿಡುತ್ತಿರುತ್ತದೆ. ಮನೆ ಮುಂದಿನ ಮಣ್ಣಿನ ಅಂಗಳ, ಹೊಲದ ಬದು ಇದಕ್ಕಿಂತ ಎಷ್ಟೋ ವಾಸಿ. ತಾರಸಿಯೇ ಗತಿ ಎಂದಾದರೆ ಸಂಜೆ ಎರಡು ಬಕೆಟ್ ನೀರು ಎರಚಿ, ಒಂಬತ್ತೂವರೆ ಮೇಲೆ ನೋಡಿ, ಪಕ್ಕದ ಮನೆಗಳ ತಾರಸಿಯ ಮೇಲೇ ಹಾದುಹೋಗುವ ತಗ್ಗಿನ ಗ್ರಹಗಳನ್ನು ಬಿಡಿ. ಕನ್ನಡಿಗೂ ಮನೆಯೊಳಗಿನ ಶಾಖ ಇಳಿಯಲು ಮುಕ್ಕಾಲು ಗಂಟೆ ಬೇಕು. ಊಟಕ್ಕೆ ಮುಂಚೆ ಹೊರಗಿಟ್ಟರೆ ಊಟ ಮುಗಿಯುವಷ್ಟರಲ್ಲಿ ಆರಿರುತ್ತದೆ.

ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಮುಂಚೆಯೇ ಹೇಳಿಬಿಡುವುದು ಹಳಬರ ಕರ್ತವ್ಯ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆ, ಅಂದರೆ ಅನಿಲದ ಮೋಡ, ಕಣ್ಣಿಗೆ ಕೆಂಪಾಗಿ ಕಾಣುವುದಿಲ್ಲ, ಬೂದಿ ಬಣ್ಣದ ಹೊಗೆಯಂತೆ ಕಾಣುತ್ತದೆ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಚಿತ್ರಗಳ ಬಣ್ಣ ಕ್ಯಾಮೆರಾ ಬಹಳ ಹೊತ್ತು ಕೂಡಿಸಿಟ್ಟ ಬೆಳಕಿನದು. ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ದಿಟ್ಟಿಯಿಟ್ಟರೆ ಹೊಗೆ ಇನ್ನಷ್ಟು ಹರಡುತ್ತದೆ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ, ಮೊಬೈಲ್ ಒಮ್ಮೆ ತೆರೆದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಸುತ್ತು ಕಟ್ಟಿಸಿ. ಶನಿಯ ಉಂಗುರ 2025ರ ಮಾರ್ಚಿನಲ್ಲಿ ನಮಗೆ ಅಂಚಾಗಿ ತಿರುಗಿತ್ತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಅದರ ಆಸುಪಾಸಿನಲ್ಲಿ ಟೆಲಿಸ್ಕೋಪ್ ಕೊಂಡವರು ಸೂಜಿಯಂಥ ಗೆರೆ ಕಂಡು ‘ನಮ್ಮದು ಡಬ್ಬಾ’ ಎಂದುಕೊಂಡಿದ್ದಾರೆ. ಉಂಗುರ ಈಗ ನಿಧಾನವಾಗಿ ತೆರೆದುಕೊಳ್ಳುತ್ತಿದೆ, 2032ರ ಹೊತ್ತಿಗೆ ಅಗಲವಾಗಿ ಕಾಣುತ್ತದೆ. ಅವರ ಮನೆಗೆ ಯಾರಾದರೂ ಹೋಗಿ ಇಷ್ಟು ಹೇಳಿ ಬರಬಾರದೇ?

ಯಾವ ರಾತ್ರಿ ಏನು ನೋಡಬೇಕೆಂಬುದಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗೆ ಚಂದ್ರ: ಬೆಳಕು ಕತ್ತಲೆ ಕೂಡುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದ ಬಿದ್ದು ಆಳ ತಿಳಿಯುತ್ತದೆ. ಹುಣ್ಣಿಮೆಯಂದು ನೆರಳೇ ಇಲ್ಲ, ಸುಣ್ಣ ಬಳಿದ ಗೋಡೆ. ಕೃಷ್ಣ ಪಕ್ಷದ ನವಮಿಯಿಂದ ಶುಕ್ಲ ತದಿಗೆಯವರೆಗೆ ಸಂಜೆ ಕತ್ತಲು; ನೀಹಾರಿಕೆ, ನಕ್ಷತ್ರ ಗುಚ್ಛಗಳಿಗೆ ಆ ದಿನಗಳು. (ಭಾದ್ರಪದದ ಚೌತಿಯ ಚಂದ್ರನ ವಿಷಯದಲ್ಲಿ ಮನೆಯ ಹಿರಿಯರೊಂದಿಗೆ ವಾದಕ್ಕೆ ಇಳಿಯಬೇಡಿ. ಮಳೆಗಾಲ, ಹೇಗೂ ಮೋಡ.) ಪಂಚಾಂಗದ ದಿನ ನಕ್ಷತ್ರ ರೋಹಿಣಿ ಎಂದಿದ್ದರೆ ಅಂದು ಚಂದ್ರ ಆ ಕೆಂಪು ಚುಕ್ಕಿಯ ಹತ್ತಿರವೇ ಇರುತ್ತಾನೆ. ಗ್ರಹ ಯಾವ ರಾಶಿಯಲ್ಲಿದೆ ಎಂದು ನಮ್ಮ ಪಂಚಾಂಗ ಹೇಳುತ್ತದೋ ಸುಮಾರಾಗಿ ಅದೇ ನಕ್ಷತ್ರಪುಂಜದಲ್ಲಿ ಕಾಣುತ್ತದೆ. ಪಾಶ್ಚಾತ್ಯ ರಾಶಿ ಲೆಕ್ಕ ಹಿಡಿದರೆ ಸುಮಾರು 24 ಡಿಗ್ರಿ ಆಚೆ ಹುಡುಕಬೇಕಾದೀತು. ಭವಿಷ್ಯ ಹೇಳುವ ಪುಟಗಳ ಬಗ್ಗೆ ನಮ್ಮ ಅಭಿಪ್ರಾಯ ಬೇರೆ, ಆದರೆ ತಿಥಿ ನಕ್ಷತ್ರದ ಪುಟ ಒಳ್ಳೆಯ ಉಪಕರಣ. ಆರಿದ್ರಾ ಮಳೆ ಎಂದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆ ಹೆಸರಿನ ಚುಕ್ಕಿಯನ್ನು ಆ ಮಳೆಯ ಹೊತ್ತಿನಲ್ಲಿ ಹುಡುಕಿದರೆ ಸಿಗದು, ಏಕೆಂದರೆ ಆಗ ಸೂರ್ಯ ಅಲ್ಲೇ ಇರುತ್ತಾನೆ. ಜನವರಿಯ ರಾತ್ರಿ ತಲೆ ಎತ್ತಿದರೆ ಮಹಾವ್ಯಾಧನ ಹೆಗಲ ಮೇಲೆ ಕೆಂಪಗೆ ಇದೆ.

ಜಾಗದ ಮಾತು. ನಂದಿ ಬೆಟ್ಟ ಎಂದು ಎಲ್ಲರ ಬಾಯಿಗೆ ಬರುತ್ತದೆ. ಸಂಜೆ ಮೇಲೆ ಅಲ್ಲಿ ಇರಲು ಬಿಡುವುದಿಲ್ಲ, ಚಳಿಗಾಲದಲ್ಲಿ ಮಂಜು ಬೇರೆ. ಬೆಂಗಳೂರಿನ ಬೆಳಕು ಚಿಕ್ಕಬಳ್ಳಾಪುರದವರಿಗೆ ದಕ್ಷಿಣಕ್ಕೆ, ಕೋಲಾರದವರಿಗೆ ಪಶ್ಚಿಮಕ್ಕೆ, ತುಮಕೂರಿನವರಿಗೆ ಆಗ್ನೇಯಕ್ಕೆ ಹರಡಿರುತ್ತದೆ. ಅದಕ್ಕೆ ಬೆನ್ನು ಹಾಕಿ ಗುಡಿಬಂಡೆ, ಬಾಗೇಪಲ್ಲಿ ಕಡೆಗೋ, ಮುಳಬಾಗಿಲು, ಶ್ರೀನಿವಾಸಪುರದ ಆಚೆಗೋ, ಮಧುಗಿರಿ ದಾಟಿ ಪಾವಗಡದತ್ತಲೋ ಹೋದಷ್ಟೂ ಆಕಾಶ ಕಪ್ಪಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿಂದ ತ್ರಿಶಂಕು ನಕ್ಷತ್ರಪುಂಜ (ಸದರ್ನ್ ಕ್ರಾಸ್) ದಕ್ಷಿಣ ದಿಗಂತದ ಮೇಲೆ ಹದಿನಾರು ಹದಿನೇಳು ಡಿಗ್ರಿ ಎತ್ತರಕ್ಕೆ ಬರುತ್ತದೆ. ದೆಹಲಿಯವರಿಗೆ ಈ ಭಾಗ್ಯ ಇಲ್ಲವೆಂದೇ ಹೇಳಬೇಕು. ಆದರೆ ರಾತ್ರಿ ಹೊತ್ತು ಗುಡ್ಡ, ಕಾಡಂಚು ಬೇಡವೇ ಬೇಡ. ದೇವರಾಯನದುರ್ಗದ ಸುತ್ತ ಕರಡಿ, ಚಿರತೆ ಎರಡೂ ಇವೆ. ಪರಿಚಯದ ರೈತರ ತೋಟದ ಮನೆಯೇ ಸರಿ, ಕಾಲಿಗೆ ಬೂಟು ಇರಲಿ. ಗೌರಿಬಿದನೂರಿನ ವೀಕ್ಷಣಾಲಯದಲ್ಲಿ ‘ನೋಡಲು’ ಬಿಡುತ್ತಾರೆಯೇ ಎಂದು ಮಕ್ಕಳು ಕೇಳುವುದುಂಟು. ಅಲ್ಲಿರುವುದು ರೇಡಿಯೊ ಅಲೆ ಹಿಡಿಯುವ ಆಂಟೆನಾಗಳ ಸಾಲು, ಕಣ್ಣಿಟ್ಟು ನೋಡುವ ಕೊಳವೆಯಲ್ಲ.

ಕನ್ನಡಿ ಜೋಡಣೆ ಎಂದರೆ ಹೊಸಬರು ಹೆದರುತ್ತಾರೆ, ಹಳಬರು ಅದನ್ನು ಮಂತ್ರವಿದ್ಯೆ ಮಾಡಿ ಇನ್ನಷ್ಟು ಹೆದರಿಸುತ್ತಾರೆ. ಐಪೀಸ್ ಜಾಗಕ್ಕೆ ಬರುವ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ 2 ಮಿ.ಮೀ. ತೂತು ಕೊರೆದರೆ ಉಪಕರಣ ತಯಾರು. ಅದರಲ್ಲಿ ಕಣ್ಣಿಟ್ಟು, ಮೊದಲು ಮೇಲಿನ ಪುಟ್ಟ ಓರೆ ಕನ್ನಡಿಯ ಮೂರು ಅಲನ್ ತಿರುಪುಗಳಿಂದ ಕೆಳಗಿನ ದೊಡ್ಡ ಕನ್ನಡಿಯ ಮೂರೂ ಕ್ಲಿಪ್ಪುಗಳು ಸಮನಾಗಿ ಕಾಣುವಂತೆ ಮಾಡಬೇಕು. ಆಮೇಲೆ ತಳದ ಮೂರು ತಿರುಪುಗಳಿಂದ, ದೊಡ್ಡ ಕನ್ನಡಿಯ ನಡುವೆ ಅಂಟಿಸಿರುವ ಉಂಗುರದೊಳಗೆ ತೂತಿನ ಪ್ರತಿಬಿಂಬ ಬಂದು ಕೂರಬೇಕು. ತಿರುಪನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಅಲನ್ ಕೀ ಹಿಡಿಯುವಾಗ ಕೊಳವೆ ಅಡ್ಡಡ್ಡ ಮಲಗಿರಲಿ. ನೆಟ್ಟಗಿದ್ದರೆ ಕೈ ಜಾರಿದ ಕೀ ನೇರ ಕನ್ನಡಿಯ ಮೇಲೆ. ಕೊನೆಗೆ ರಾತ್ರಿ ಪ್ರಕಾಶಮಾನವಾದ ಚುಕ್ಕಿಯೊಂದನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿ: ಬಳೆಯೊಳಗೆ ಬಳೆ ಕೂತಂತಿದ್ದರೆ ಸರಿ, ಒಂದು ಪಕ್ಕಕ್ಕೆ ಸರಿದಿದ್ದರೆ ಇನ್ನೂ ಕೆಲಸವಿದೆ. ಚುಕ್ಕಿ ಮೂರು ಮೂಲೆಯಾಗಿ ಕಂಡರೆ ಜೋಡಣೆಯ ದೋಷವಲ್ಲ, ಕ್ಲಿಪ್ಪು ಕನ್ನಡಿಯನ್ನು ಅದುಮುತ್ತಿದೆ. ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಕಾಗದ ಹಾಯುವಷ್ಟು ಸಡಿಲಿಸಬೇಕು. ಜೋಡಣೆಗೆಂದು ಲೇಸರ್ ಕೊಂಡವರು ಅದನ್ನು ಜಾಗದಲ್ಲೇ ತಿರುಗಿಸಿ ನೋಡಲಿ. ಕೆಂಪು ಚುಕ್ಕೆ ವೃತ್ತ ಸುತ್ತಿದರೆ ಮೊದಲು ಲೇಸರಿಗೇ ರಿಪೇರಿ ಬೇಕು.

ಧೂಳು ಕಂಡ ಕೂಡಲೇ ಕನ್ನಡಿ ಒರೆಸುವುದು ನಮ್ಮ ಜನರ ಕೈಚಾಳಿ. ಗಾಜಿನ ಮೇಲಿನ ಅಲ್ಯೂಮಿನಿಯಂ ಪದರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು, ಅದೂ ಗಾಜಿನ ಹೊರಮೈಗೇ ಇರುತ್ತದೆ. ಪಂಚೆಯ ಅಂಚಿನಿಂದ ಒಂದು ಸಲ ಉಜ್ಜಿದರೆ ಮುಗಿಯಿತು. ಎರಡು ಮೂರು ವರ್ಷಕ್ಕೊಮ್ಮೆ ತೊಳೆದರೆ ಸಾಕು: ಕೈಬೆರಳಿನ ಉಂಗುರ ಬಿಚ್ಚಿಟ್ಟು, ನೀರಿನಲ್ಲಿ ಎರಡು ತೊಟ್ಟು ಪಾತ್ರೆ ಸೋಪು ಬೆರೆಸಿ ಹತ್ತು ನಿಮಿಷ ನೆನೆಸಿ, ಒದ್ದೆ ಹತ್ತಿಯನ್ನು ಅದರ ಭಾರದಲ್ಲೇ ಎಳೆದು ಎಸೆಯಬೇಕು. ಇಲ್ಲಿ ನಮ್ಮ ಜಿಲ್ಲೆಗಳಿಗೇ ಸೇರಿದ ಮಾತೊಂದಿದೆ. ಕೊನೆಯ ನೀರು ಬೋರ್‌ವೆಲ್ಲಿನದಾಗಬಾರದು. ಆ ಗಡಸು ನೀರು ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ, ಆ ಕಲೆ ಉಜ್ಜದೆ ಹೋಗುವುದಿಲ್ಲ, ಉಜ್ಜುವಂತಿಲ್ಲ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ಒಂದು ಲೀಟರ್ ತಂದು ಸುರಿದು, ಕನ್ನಡಿಯನ್ನು ಅಂಚಿನ ಮೇಲೆ ನಿಲ್ಲಿಸಿ ಆರಲು ಬಿಡಿ. ಡಿಸೆಂಬರಿನ ಇಬ್ಬನಿಗೂ ಒರೆಸುವುದು ಮದ್ದಲ್ಲ. ಯೋಗದ ಹಳೆಯ ಚಾಪೆಯನ್ನು ಕೊಳವೆಯ ಅಗಲದ ಒಂದೂವರೆ ಪಟ್ಟು ಉದ್ದಕ್ಕೆ ಬಾಯಿಗೆ ಸುತ್ತಿದರೆ ಇಬ್ಬನಿ ಎಷ್ಟೋ ತಡೆಯುತ್ತದೆ. ಒದ್ದೆಯಿರುವಾಗಲೇ ಮುಚ್ಚಳ ಹಾಕಿ ಅಟ್ಟಕ್ಕೆ ಏರಿಸಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿನ ಮೇಲೆ ಜೇಡರ ಬಲೆಯಂಥ ಬೂಷ್ಟು.

ಸೂರ್ಯನ ವಿಷಯದಲ್ಲಿ ಚರ್ಚೆ ಇಲ್ಲ. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಐಪೀಸಿಗೆ ಸಿಕ್ಕಿಸುವ ಕಪ್ಪು ಗಾಜಿನ ‘ಸನ್ ಫಿಲ್ಟರ್’ ಕೊಡುತ್ತಾರೆ. ಲೆನ್ಸ್ ಕೂಡಿಸಿದ ಬಿಸಿಲೆಲ್ಲ ಅದರ ಮೇಲೇ ಬಿದ್ದು ನೋಡುತ್ತಿರುವಾಗಲೇ ಸೀಳುತ್ತದೆ. ಸಿಕ್ಕಿದರೆ ಸುತ್ತಿಗೆಯಲ್ಲಿ ಒಡೆದು ಎಸೆಯಿರಿ, ತಮ್ಮನ ಕೈಗೆ ಸಿಗುವಂತೆ ಬಿಡಬೇಡಿ. ಸೂರ್ಯನನ್ನು ನೋಡಲೆಂದೇ ಮಾಡಿದ ಫಿಲ್ಟರನ್ನು ಹಾಕಬೇಕಾದದ್ದು ಕೊಳವೆಯ ಮುಂದಿನ ಬಾಯಿಗೆ, ಗಾಳಿಗೆ ಹಾರದಂತೆ ಟೇಪು ಸುತ್ತಿ, ಪ್ರತಿ ಸಲವೂ ಸೂಜಿತೂತು ಇದೆಯೇ ಎಂದು ಬಲ್ಬಿಗೆ ಹಿಡಿದು ನೋಡಿದ ಮೇಲೆ. ಫೈಂಡರನ್ನು ಕಳಚಿಟ್ಟುಬಿಡಿ. ಎಕ್ಸ್‌ರೇ ಹಾಳೆ, ಸಿ.ಡಿ., ಮಸಿ ಹಿಡಿಸಿದ ಗಾಜು ಯಾವುದೂ ಸಲ್ಲದು. ಕಣ್ಣಿನ ಒಳಪರದೆಗೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ಆಮೇಲೆ.

ಗಾಜನ್ನು ಕೈಯಾರೆ ಉಜ್ಜಿ ಟೆಲಿಸ್ಕೋಪಿನ ಕನ್ನಡಿ ಮಾಡಿಕೊಂಡವರಿಗೆ ಅದೊಂದು ಹೆಮ್ಮೆ, ಇರಲಿ. ಆದರೆ ಮೊದಲ ದಿನವೇ ಅದನ್ನು ಹೊಸಬರ ತಲೆಗೆ ಕಟ್ಟಬಾರದು. ಒಂದು ವರ್ಷ ಆಕಾಶ ನೋಡಿದ ಮೇಲೂ ಆಸೆ ಉಳಿದವರಿಗೆ ಮಾತ್ರ ಹೇಳಬೇಕಾದ ಅಂಕಿಗಳಿವು: ಆರು ಇಂಚಿನ ಎಫ್/8 (ನಾಭಿದೂರ ಅಗಲದ ಎಂಟು ಪಟ್ಟು) ಕನ್ನಡಿಗೆ ನಡುವಿನ ಗುಳಿ 1.2 ಮಿ.ಮೀ.ಗೆ ಚೂರು ಕಡಿಮೆ. 80ನೇ ನಂಬರಿನ ಕಾರ್ಬೊರಂಡಂ ಉಜ್ಜುಪುಡಿಯಿಂದ ಗುಳಿ, ಆಮೇಲೆ 120, 220, 400, 600 ಎಂದು ನುಣುಪು, ಕಡೆಗೆ ಪಿಚ್ಚಿನ (ಡಾಂಬರಿನಂಥ ಅಂಟು) ಮೇಲೆ ಪಾಲಿಶ್ ಪುಡಿ ಸೀರಿಯಂ ಆಕ್ಸೈಡ್. ಹಿಂದಿನ ಪುಡಿಯ ಒಂದೇ ಕಣ ಉಗುರಿನಲ್ಲಿ ಉಳಿದು ಬಂದರೂ ಗೀರು. ಆದ್ದರಿಂದ ಪ್ರತಿ ನಂಬರಿಗೂ ಬೇರೆ ಬಕೆಟ್, ಬೇರೆ ಬಟ್ಟೆ. ಪಿಚ್ ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಮೆತ್ತಗಾಗಿ ಕನ್ನಡಿಯ ಅಂಚು ಇಳಿಸಿಬಿಡುತ್ತದೆ. ಪಾಲಿಶ್ ಕೆಲಸಕ್ಕೆ ಮಳೆಗಾಲವೇ ಹಿತ, ಆಕಾಶವೂ ಹೇಗೂ ಮುಚ್ಚಿರುತ್ತದೆ.

ಹಳಬರಲ್ಲಿ ಇನ್ನೊಂದು ವಿನಂತಿ. ಹೊಸಬರ ಕೈಯಿಂದ ಕೊಳವೆ ಕಿತ್ತುಕೊಂಡು, ತಾವೇ ತಿರುಗಿಸಿ ‘ನೋಡು, ಇಲ್ಲಿದೆ’ ಎನ್ನಬೇಡಿ. ಹತ್ತು ನಿಮಿಷ ತಡವಾದರೂ ಅವರೇ ಹುಡುಕಲಿ. ಯಾವ ಐಪೀಸ್, ಎಷ್ಟು ಗಂಟೆ, ಯಾವ ಊರು, ಏನು ಹುಡುಕಿದೆ, ಏಕೆ ಸಿಗಲಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಸಿಗದ ರಾತ್ರಿಗಳ ಪುಟವೇ ಮುಂದಿನವರಿಗೆ ಹೆಚ್ಚು ಉಪಯೋಗ.

ತಮ್ಮ ಪತ್ರಿಕೆಯಲ್ಲಿ ನಮ್ಮದೂ ಒಂದು ಕೋರಿಕೆ. ಪ್ರತಿ ಅಮಾವಾಸ್ಯೆಯ ಹಿಂದಿನ ವಾರ ಜಿಲ್ಲಾ ಪುಟದಲ್ಲಿ ಅಂಗೈಯಗಲದ ಆಕಾಶ ನಕ್ಷೆ ಹಾಕಿ: 13 ಡಿಗ್ರಿ ಅಕ್ಷಾಂಶಕ್ಕೆ, ರಾತ್ರಿ ಎಂಟೂವರೆಗೆ, ಕನ್ನಡದ ಹೆಸರುಗಳಲ್ಲಿ. ದೆಹಲಿಗೋ ಲಂಡನ್ನಿಗೋ ತಯಾರಾದದ್ದನ್ನು ತಂದು ಅಚ್ಚು ಹಾಕಿದರೆ ಅಗಸ್ತ್ಯ ನಕ್ಷತ್ರವೂ ತ್ರಿಶಂಕುವೂ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡಬೇಕಾದ್ದರಿಂದ ಉತ್ತರ ಮೇಲಿದ್ದಾಗ ಪೂರ್ವ ಎಡಕ್ಕೆ ಬರುತ್ತದೆ. ಅದು ಅಚ್ಚಿನ ತಪ್ಪಲ್ಲ ಎಂದು ಕೆಳಗೊಂದು ಸಾಲು ಸೇರಿಸಿರಿ. ಇಲ್ಲದಿದ್ದರೆ ಮಾರನೆಯ ದಿನ ಇದೇ ಅಂಕಣಕ್ಕೆ ಹತ್ತು ಪತ್ರ ಬರುತ್ತವೆ.

ಇಂತಿ,
ಕೆಲವು ಹವ್ಯಾಸಿ ಆಕಾಶ ವೀಕ್ಷಕರು,
ಚಿಕ್ಕಬಳ್ಳಾಪುರ